ನಿಧಾನವಾಗಿ ನಡೆಯುವವರಿಗೂ ಒಂದು ದಾರಿ ಕೊಡಿ: ಮೈಸೂರಿನ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಮೈಸೂರು ನಗರದ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ, ಸಂಚಾರ ಪೊಲೀಸರಿಗೆ ಮತ್ತು ಈ ಊರಿನ ಎಲ್ಲರಿಗೂ ನಮಸ್ಕಾರ.

ನನ್ನ ಕೋರಿಕೆ ಒಂದೇ. ಅರಮನೆಯ ಉತ್ತರ ಬಾಗಿಲಿನಿಂದ ಹೊರಟು ದೊಡ್ಡ ಗಡಿಯಾರ, ಟೌನ್ ಹಾಲ್, ಗಾಂಧಿ ಚೌಕ, ದೇವರಾಜ ಮಾರ್ಕೆಟ್, ಚಿಕ್ಕ ಗಡಿಯಾರ, ಕೆ.ಆರ್. ಸರ್ಕಲ್ ನೋಡಿಕೊಂಡು ಜಗನ್ಮೋಹನ ಅರಮನೆ ಸೇರುವ ದಾರಿಯೊಂದಿದೆ. ಹೆಚ್ಚುಕಡಿಮೆ ಎರಡು ಕಿಲೋಮೀಟರ್. ದೊಡ್ಡ ಏರಿಲ್ಲ, ಇಳಿತವಿಲ್ಲ. ಕೋಲು ಹಿಡಿದವರು, ಗಾಲಿಕುರ್ಚಿಯಲ್ಲಿ ಕೂತವರು, ಕಂಕುಳಲ್ಲಿ ಮಗು ಇರುವವರು ಯಾರ ಸಹಾಯವೂ ಇಲ್ಲದೆ ಆ ದಾರಿಯಲ್ಲಿ ಹೋಗಿ ಬರುವಂತೆ ಮಾಡಿಕೊಡಿ. ಅದಕ್ಕಾಗಿ ಹೊಸದೇನನ್ನೂ ಕಟ್ಟಬೇಕಾಗಿಲ್ಲ. ನೋಡುವಂಥದ್ದೆಲ್ಲ ಹಿಂದಿನವರು ಕಟ್ಟಿಟ್ಟು ಹೋಗಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಕಾಲಿಡುವ ಜಾಗ ಮಾತ್ರ ಸರಿಯಾಗಬೇಕು.

ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಇತಿಹಾಸ ಒಟ್ಟಿಗೆ ಸಿಗುವ ಊರುಗಳು ನಮ್ಮ ನಾಡಿನಲ್ಲಿ ಕಡಿಮೆ. ಕೋಟೆ ಆಂಜನೇಯನಿಗೆ ಕೈಮುಗಿದು ಆಚೆ ಬಂದರೆ ಎದುರಿಗೇ ಚಾಮರಾಜ ಸರ್ಕಲ್. ಬಂಗಾರದ ಬಣ್ಣದ ಗುಮ್ಮಟದ ಕೆಳಗೆ ನಿಂತಿರುವವರು ಹತ್ತನೆಯ ಚಾಮರಾಜ ಒಡೆಯರು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಮತ್ತೆ ಒಡೆಯರ ಕೈಗೆ ಒಪ್ಪಿಸಿದಾಗ ಆಳುವ ಅಧಿಕಾರ ಪಡೆದವರು ಇವರೇ. ಅಲ್ಲಿಂದ ತಲೆ ಎತ್ತಿ ಉತ್ತರಕ್ಕೆ ನೋಡಿದರೆ ದೊಡ್ಡ ಗಡಿಯಾರ. ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು. ದೊರೆಗೆ ನೌಕರರೇ ಸೇರಿ ಕೊಟ್ಟ ಕಾಣಿಕೆ ಅದು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಶಾಲೆಯ ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಿ ‘ಈಗ ಗಂಟೆ ಎಷ್ಟು ಓದಿ ನೋಡೋಣ’ ಅಂದರೆ ಸಾಕು, ಅರ್ಧ ಪಾಠ ಅಲ್ಲೇ ಆಗುತ್ತದೆ. ಆದರೆ ಮೂವತ್ತು ಮಕ್ಕಳನ್ನು ಗಾಡಿಗಳ ಭಯವಿಲ್ಲದೆ ಐದು ನಿಮಿಷ ನಿಲ್ಲಿಸಲು ಅಲ್ಲಿ ಜಾಗ ಬೇಕಲ್ಲ.

ಪಕ್ಕದಲ್ಲೇ ಟೌನ್ ಹಾಲ್. ನಾವೆಲ್ಲ ಟೌನ್ ಹಾಲ್ ಅಂತಲೇ ಕರೆಯುವ ಇದು 1884ರಲ್ಲಿ ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ ಭವನ. 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅವರ ಕಾಲದಲ್ಲಿ. ರೈತರೂ ವ್ಯಾಪಾರಿಗಳೂ ದಸರಾ ಸಮಯಕ್ಕೆ ಮೈಸೂರಿಗೆ ಬಂದು, ತಮ್ಮ ತಾಲ್ಲೂಕಿನ ಅಹವಾಲನ್ನು ದಿವಾನರ ಮುಂದೆ ಹೇಳಿಕೊಳ್ಳುತ್ತಿದ್ದರು. ಜನರ ಮಾತು ಕೇಳಬೇಕು ಅನ್ನುವುದು ಈ ಊರಿಗೆ ಹೊಸದಲ್ಲ. ಅದಕ್ಕೇ ಈ ಪತ್ರವನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಂಧಿ ಚೌಕ ದಾಟಿ ಸಯ್ಯಾಜಿ ರಾವ್ ರಸ್ತೆಗೆ ಬಂದರೆ ದೇವರಾಜ ಮಾರ್ಕೆಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಈ ದಾರಿಯ ಜೀವ ಇರುವುದು ಇಲ್ಲೇ. ಅರಮನೆಯನ್ನು ನೋಡುತ್ತೇವೆ, ಮಾರ್ಕೆಟ್ಟಿಗೆ ಹೋಗುತ್ತೇವೆ. ಬೆಳಿಗ್ಗೆ ಏಳು ಗಂಟೆಗೆ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುವುದು ಮಲ್ಲಿಗೆಯೋ ಹಸಿ ಅರಿಶಿನವೋ ಹೇಳುವುದು ಕಷ್ಟ. ಹೂವಿನ ಸಾಲಿನಲ್ಲಿ ಸೇವಂತಿಗೆ, ಕನಕಾಂಬರ, ಸುಗಂಧರಾಜ ರಾಶಿ ರಾಶಿ. ಮೊಳ ಹಾಕಿ ಕೊಡುವ ಕೈಗಳು ಗ್ರಾಹಕರ ಮುಖ ನೋಡದೆಯೇ ಅಳೆಯುತ್ತಿರುತ್ತವೆ. ಆ ಕಡೆ ಕುಂಕುಮದ ಗೋಪುರಗಳು, ಈ ಕಡೆ ಬಾಳೆಗೊನೆಗಳು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಈ ಮೂರರ ನೆನಪನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿರುವ ಮಾರ್ಕೆಟ್ ನಮ್ಮದು.

ಆ ಮಾರ್ಕೆಟ್ಟಿನ ಉತ್ತರ ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಚಿಕ್ಕ ಗಡಿಯಾರದ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. ಹಳೆಯ ಪುಸ್ತಕ ಹುಡುಕಿಕೊಂಡು ಬಂದವರು ಗಂಟೆಗಟ್ಟಲೆ ನಿಲ್ಲುತ್ತಿದ್ದ ಕಟ್ಟಡ ಅದು. ಈ ಎರಡನ್ನೂ ಕೆಡವಿ ಹೊಸದು ಕಟ್ಟಬೇಕೋ, ಇದ್ದುದನ್ನೇ ಸರಿಪಡಿಸಬೇಕೋ ಅನ್ನುವ ವಾದ ನ್ಯಾಯಾಲಯದವರೆಗೂ ಹೋಗಿದೆ. ನಾನು ಎಂಜಿನಿಯರ್ ಅಲ್ಲ, ಗೋಡೆಯ ಗಟ್ಟಿತನದ ಬಗ್ಗೆ ತೀರ್ಪು ಕೊಡಲಾರೆ. ನನ್ನ ಮನಸ್ಸು ಮಾತ್ರ ಉಳಿಸಿಕೊಳ್ಳುವ ಕಡೆಗೇ ಇದೆ. ಜನ ದಿನಾ ಓಡಾಡುವ ಕಟ್ಟಡದ ಬಿರುಕು ಬೇಗ ಕಣ್ಣಿಗೆ ಬೀಳುತ್ತದೆ, ಅದರ ಬಗ್ಗೆ ಕೇಳುವವರೂ ಇರುತ್ತಾರೆ. ಜನರ ಓಡಾಟ ನಿಂತ ಕಟ್ಟಡ ಒಳಗೊಳಗೇ ಕೊಳೆಯುತ್ತದೆ. ಹಾಗಾಗಿ ಫುಟ್‌ಪಾತಿನ ಮಾತೂ ಪರಂಪರೆ ಉಳಿಸುವ ಮಾತೂ ನನಗೆ ಬೇರೆ ಬೇರೆ ಅನ್ನಿಸುವುದಿಲ್ಲ.

ಈಗ ಆ ದಾರಿಯಲ್ಲಿ ನಡೆಯುವುದು ಹೇಗಿದೆ ಅಂತ ಹೇಳುತ್ತೇನೆ. ನನ್ನ ಸೋದರತ್ತೆಗೆ ಎಪ್ಪತ್ತು ದಾಟಿದೆ. ಮೊಣಕಾಲು ನೋವು, ಕೈಯಲ್ಲಿ ಕೋಲು. ಹುಟ್ಟಿದ್ದು ಬೆಳೆದದ್ದು ಇದೇ ಊರಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹೂವಿಗೆ ಮಾರ್ಕೆಟ್ಟಿಗೇ ಹೋಗಬೇಕು ಅವರಿಗೆ, ಬೀದಿಯ ತಳ್ಳುಗಾಡಿಯ ಹೂವು ಒಪ್ಪಿಗೆಯಿಲ್ಲ. ಫುಟ್‌ಪಾತ್ ಮುಗಿಯುವ ಕಡೆ ಅವರು ಇಳಿಯುವುದನ್ನು ನೋಡಬೇಕು. ಮೊದಲು ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಕೋಲನ್ನು ಕೆಳಗೆ ಊರುತ್ತಾರೆ. ಇನ್ನೊಂದು ಕೈಗೆ ಆಸರೆ ಹುಡುಕುತ್ತಾರೆ. ಸಿಗುವುದು ಅಡ್ಡ ನಿಲ್ಲಿಸಿದ ಯಾವುದೋ ಸ್ಕೂಟರಿನ ಸೀಟು. ಅದು ಬಿಸಿಲಿಗೆ ಕಾದಿರುತ್ತದೆ. ಹಾಗೇ ಹಿಡಿದು ನೋವು ಕಡಿಮೆ ಇರುವ ಕಾಲನ್ನು ಇಳಿಸುತ್ತಾರೆ, ಆಮೇಲೆ ಇನ್ನೊಂದು. ಅಷ್ಟರಲ್ಲಿ ಹಿಂದಿನಿಂದ ಆಟೋ ಹಾರ್ನ್. ಹತ್ತು ಹೆಜ್ಜೆ ಹೋದರೆ ಮತ್ತೆ ಹತ್ತಬೇಕು. ಒಂದು ಅಂಗಡಿಯ ಮುಂದೆ ಒಂದು ಎತ್ತರ, ಮುಂದಿನ ಅಂಗಡಿಗೆ ಇನ್ನೊಂದು. ನಡುವೆ ಕಂಬ, ಅದರ ಪಕ್ಕ ಚರಂಡಿಯ ಮುಚ್ಚಳ ಒಂದು ಬದಿ ಎದ್ದಿರುತ್ತದೆ. ಒಮ್ಮೆ ಅಲ್ಲೇ ನಿಂತು ಅಂದರು: ‘ನೋಡೋಕೆ ಕಣ್ಣು ಚೆನ್ನಾಗೇ ಇದೆ ಕಣೋ. ಕಾಲಿಡೋಕೆ ಜಾಗ ಎಲ್ಲಿದೆ?’

ಇದು ನಮ್ಮ ಅತ್ತೆಯೊಬ್ಬರ ಮಾತಲ್ಲ. ಕೆ.ಆರ್. ಸರ್ಕಲ್ ಪಕ್ಕದಲ್ಲೇ ಸಿಟಿ ಬಸ್ ಸ್ಟ್ಯಾಂಡ್. ಮಾರ್ಕೆಟ್ಟಿನಿಂದ ಸ್ವಲ್ಪ ಉತ್ತರಕ್ಕೆ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ. ಸುತ್ತಲಿನ ಊರುಗಳಿಂದ ರೋಗಿಗಳು, ಬಾಣಂತಿಯರು, ಅವರ ಜೊತೆಗೆ ಊಟದ ಡಬ್ಬಿ ಹಿಡಿದ ಅಜ್ಜಿಯರು ಬಸ್ಸಿಳಿದು ಈ ರಸ್ತೆಗಳಲ್ಲೇ ನಡೆಯುತ್ತಾರೆ. ಅವರು ಪ್ರವಾಸಿಗರಲ್ಲ. ಪಾರಂಪರಿಕ ನಡಿಗೆ ಅಂದರೆ ಕ್ಯಾಮೆರಾ ಹಿಡಿದ ಹೊರಗಿನವರಿಗೆ ಮಾಡುವ ಸೌಕರ್ಯ ಅಂತ ಸುಮ್ನೆ ಪಕ್ಕಕ್ಕಿಡಬೇಡಿ. ಈ ದಾರಿ ಸರಿಯಾದರೆ ಮೊದಲು ಅನುಕೂಲವಾಗುವುದು ಅದರಲ್ಲಿ ದಿನವೂ ಕಷ್ಟಪಟ್ಟು ನಡೆಯುತ್ತಿರುವವರಿಗೆ.

ಏನು ಮಾಡಬೇಕು ಅನ್ನುವುದಕ್ಕೆ ಹೊಸ ಸಂಶೋಧನೆಯೂ ಬೇಡ. ನಮ್ಮ ದೇಶದ ರಸ್ತೆಗಳಿಗೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಒಂದು ಮಾರ್ಗಸೂಚಿ ಮಾಡಿದೆ. ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಫುಟ್‌ಪಾತಿನಲ್ಲಿರಬೇಕು, ಅದರ ಎತ್ತರ 150 ಮಿಲಿಮೀಟರ್ ಮೀರಬಾರದು ಅನ್ನುತ್ತದೆ ಅದು. 150 ಮಿಲಿಮೀಟರ್ ಅಂದರೆ ಅರ್ಧ ಅಡಿ. ಇಳಿಜಾರು ಮಾಡುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನುವ ಲೆಕ್ಕವೂ ಎಲ್ಲ ಎಂಜಿನಿಯರುಗಳಿಗೂ ಗೊತ್ತು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಸೇರಿದೆ, ಅದು ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಹಾಗಾಗಿ ಇದನ್ನು ದಯೆ ತೋರಿಸಿ ಅಂತ ಕೇಳುತ್ತಿಲ್ಲ.

ಎರಡು ಕಿಲೋಮೀಟರ್ ಉದ್ದಕ್ಕೂ ಒಂದೇ ಮಟ್ಟದ ನೆಲ ಬರಲಿ. ಅಡ್ಡರಸ್ತೆ ಬಂದಲ್ಲಿ ಜನ ಇಳಿದು ಹತ್ತುವ ಬದಲು ಗಾಡಿಗಳೇ ನಿಧಾನಿಸಿ ಹತ್ತಿ ಇಳಿಯುವಂತೆ ದಾಟುವ ಜಾಗವನ್ನು ಎತ್ತರಿಸಿ. ನುಣುಪು ಟೈಲ್ಸ್ ಮಾತ್ರ ದಯವಿಟ್ಟು ಹಾಕಬೇಡಿ. ಒಂದು ಮಳೆ ಬಿದ್ದರೆ ಅದರ ಮೇಲೆ ಯುವಕರೂ ಜಾರುತ್ತಾರೆ. ಒರಟು ಮುಖದ ಕಲ್ಲು ಹಾಕಿ, ಈ ಊರಿನ ಕಟ್ಟಡಗಳಿಗೂ ಅದೇ ಒಪ್ಪುತ್ತದೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ಉಬ್ಬು ಪಟ್ಟಿ ಹಾಕುವುದಾದರೆ, ಅದು ಕಂಬಕ್ಕೆ ಹೋಗಿ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳಿ.

ಸಿಗ್ನಲ್ ಬಗ್ಗೆ ಒಂದು ಮಾತು. ಪಾದಚಾರಿ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ ಅನ್ನುವ ಲೆಕ್ಕದಲ್ಲಿ ಹಸಿರು ದೀಪದ ಸಮಯ ಇಡುವುದು ರೂಢಿ. 18 ಮೀಟರ್ ಅಗಲದ ರಸ್ತೆ ದಾಟಲು ಆ ಲೆಕ್ಕದಲ್ಲಿ 15 ಸೆಕೆಂಡ್ ಸಾಕು. ಕೋಲು ಹಿಡಿದವರು ಅದರ ಅರ್ಧ ವೇಗದಲ್ಲಿ ನಡೆದರೆ ಅವರಿಗೆ ಬೇಕಾದದ್ದು 30 ಸೆಕೆಂಡ್. ಆ ಉಳಿದ 15 ಸೆಕೆಂಡ್ ಅವರು ನಡುರಸ್ತೆಯಲ್ಲಿ ಇರುತ್ತಾರೆ. ಕೆ.ಆರ್. ಸರ್ಕಲ್ ಸುತ್ತಮುತ್ತ ದಾಟುವ ಸಮಯವನ್ನು ನಿಧಾನಸ್ಥರ ಲೆಕ್ಕಕ್ಕೆ ಇಡಿ. ಇದಕ್ಕೆ ಕಲ್ಲು, ಸಿಮೆಂಟ್, ಟೆಂಡರ್ ಯಾವುದೂ ಬೇಡ.

ಕೂರಲು ಬೆಂಚು, ಕುಡಿಯಲು ನೀರು, ಶುಚಿಯಾದ ಶೌಚಾಲಯ. ಮೂರನೆಯದರ ಬಗ್ಗೆ ಬರೆಯಲು ಜನ ಸಂಕೋಚಪಡುತ್ತಾರೆ, ನಾನು ಪಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದ ಹೆಂಗಸರು ಪೇಟೆಗೆ ಬರುವುದನ್ನೇ ಬಿಟ್ಟಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮನೆಯಿಂದ ಹೊರಡುವ ಮೊದಲು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಬಿಸಿಲಲ್ಲಿ ತಲೆ ಸುತ್ತುತ್ತದೆ. ದಾರಿಯ ಎರಡು ಕಡೆ, ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲಿರುವ, ಹಿಡಿದು ಏಳಲು ಕಂಬಿ ಇರುವ ಶೌಚಾಲಯ ಇರಲಿ. ಬೆಂಚುಗಳಿಗೆ ಬೆನ್ನು ಒರಗಿಸುವ ಹಲಗೆಯೂ ಕೈ ಊರಿ ಏಳಲು ಹಿಡಿಯೂ ಇರಲಿ. ನೆರಳಿರುವ ಕಡೆ ಇಡಿ. ನೆರಳಿಲ್ಲದ ಕಡೆ ಹೊಂಗೆಯೋ ಬೇವೋ ನೆಡಿ.

ಬೀದಿ ವ್ಯಾಪಾರಿಗಳ ಬಗ್ಗೆ ನನಗೆ ಆತಂಕವಿದೆ. ಫುಟ್‌ಪಾತ್ ಸರಿಮಾಡುವುದು ಅಂದ ಕೂಡಲೇ ಎಷ್ಟೋ ಊರುಗಳಲ್ಲಿ ಮೊದಲು ಎತ್ತಂಗಡಿಯಾಗುವುದು ಅವರೇ. ನಾನು ಅದನ್ನು ಕೇಳುತ್ತಿಲ್ಲ. ಸೊಪ್ಪು, ಹೂವು, ಕಡ್ಲೆಕಾಯಿ ಮಾರುವವರಿಲ್ಲದ ಸಯ್ಯಾಜಿ ರಾವ್ ರಸ್ತೆ ಯಾರಿಗೆ ಬೇಕು? 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅವರ ಬದುಕಿಗೆ ರಕ್ಷಣೆ ಕೊಡುತ್ತದೆ, ವ್ಯಾಪಾರಕ್ಕೆ ಜಾಗ ಗುರುತಿಸಬೇಕು ಅನ್ನುತ್ತದೆ. ನಡೆಯುವ 1.8 ಮೀಟರ್ ಬಿಟ್ಟು ಅದರ ಆಚೆ ಅವರಿಗೆ ಗೆರೆ ಹಾಕಿಕೊಡಿ. ಜಾಗ ಸಾಲದಿದ್ದರೆ ಮೊದಲು ತೆಗೆಯಬೇಕಾದದ್ದು ಕಾರು ನಿಲ್ಲಿಸುವ ಜಾಗವನ್ನು. ಒಂದು ಕಾರು ನಿಲ್ಲುವಲ್ಲಿ ಮೂರು ಬುಟ್ಟಿಯವರು ಕೂತು ಸಂಸಾರ ನಡೆಸಬಹುದು.

ಬೇರೆಯವರು ಇಂಥ ಕೆಲಸ ಮಾಡಿದ್ದಾರೆ. ಅಹಮದಾಬಾದಿನಲ್ಲಿ 1997ರಲ್ಲೇ ಪಾರಂಪರಿಕ ನಡಿಗೆ ಶುರುವಾಯಿತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳ ಎಂದು ಕರೆಯುವ ಹಳೆಯ ಕೇರಿಗಳ ಓಣಿಗಳಲ್ಲಿ ಸುತ್ತಿ ಜಾಮಾ ಮಸೀದಿ ಸೇರುವ ದಾರಿ. ಇಪ್ಪತ್ತು ವರ್ಷದ ನಂತರ, 2017ರಲ್ಲಿ, ಆ ಹಳೆಯ ಊರಿಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ದೆಹಲಿಯ ಚಾಂದನಿ ಚೌಕದಲ್ಲಿ 2021ರಿಂದ ಹಗಲು ಹೊತ್ತು ಮೋಟಾರು ಗಾಡಿಗಳನ್ನು ತಡೆದು ಮುಖ್ಯ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಅಲ್ಲಿ ಎಲ್ಲವೂ ಸುಸೂತ್ರ ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟು ಗಿಜಿಗುಡುವ ಪೇಟೆಯಲ್ಲಿ ಪ್ರಯತ್ನ ಮಾಡಿದ್ದಾರೆ ಅಂದಮೇಲೆ ನಮಗೇನು ಕಷ್ಟ?

ಗಾಡಿ ತಡೆಯುವ ಅಭ್ಯಾಸ ನಮಗೂ ಇದೆ. ಪ್ರತಿ ದಸರಾಕ್ಕೆ ಅರಮನೆ ಸುತ್ತ ಏಕಮುಖ ಸಂಚಾರ ಮಾಡುತ್ತೀರಿ. ಊರು ಹೊಂದಿಕೊಳ್ಳುತ್ತದೆ. ಅದನ್ನೇ ಪ್ರತಿ ಭಾನುವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ದೊಡ್ಡ ಗಡಿಯಾರದಿಂದ ಚಿಕ್ಕ ಗಡಿಯಾರದವರೆಗೆ ಮಾಡಿ ನೋಡಬಹುದಲ್ವಾ? ಮಾರ್ಕೆಟ್ಟಿಗೆ ಮಾಲು ತರುವ ಗಾಡಿಗಳಿಗೆ ವಿನಾಯಿತಿ ಇರಲಿ. ಟಾಂಗಾಗಳೂ ಇರಲಿ. ಅಷ್ಟು ದೂರ ನಡೆಯಲಾಗದವರಿಗೆ ಅದಕ್ಕಿಂತ ಒಳ್ಳೆಯ ವಾಹನವಿಲ್ಲ, ಆ ಕುದುರೆ ಸಾಕುವವರಿಗೂ ನಾಲ್ಕು ಕಾಸು ಸಿಗುತ್ತದೆ.

ಫಲಕಗಳು ಬೇಕು, ದೊಡ್ಡ ಅಕ್ಷರದಲ್ಲಿ, ಮೊದಲು ಕನ್ನಡದಲ್ಲಿ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೂ ಕಾಣುವ ಎತ್ತರದಲ್ಲಿ. ಅದರಲ್ಲಿ ಉದ್ದುದ್ದ ವಂಶಾವಳಿ ಬೇಡ. ಜಗನ್ಮೋಹನ ಅರಮನೆಯ ಮುಂದೆ ಹೀಗೆ ಬರೆದರೆ ಸಾಕು: ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ, 1912ರಲ್ಲಿ ಈಗಿನ ಅರಮನೆ ಮುಗಿಯುವವರೆಗೆ ರಾಜಮನೆತನ ಇದ್ದದ್ದು ಇಲ್ಲಿ, ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ಸಿಕ್ಕಿದ್ದು ಇಲ್ಲಿ, ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇರುವುದು ಒಳಗೆ. ಇಷ್ಟು ಓದಿದ ಮಗು ಒಳಗೆ ಹೋಗಲೇಬೇಕು ಅಂತ ಹಟ ಹಿಡಿಯುತ್ತದೆ. ಫಲಕದ ಕೆಳಗೆ ಮುಂದಿನ ಜಾಗ ಎಷ್ಟು ದೂರ, ಕೂರುವ ಜಾಗ ಎಲ್ಲಿದೆ, ಶೌಚಾಲಯ ಎಲ್ಲಿದೆ ಅಂತ ಬರೆಯಿರಿ. ನಿಧಾನವಾಗಿ ನಡೆದರೆ ಎಷ್ಟು ಹೊತ್ತು ಅನ್ನುವುದನ್ನೂ ಬರೆಯಿರಿ.

ಅಂಗಡಿಯವರಿಗೂ ನನ್ನಂಥ ಊರಿನವರಿಗೂ ಒಂದು ಮಾತು. ಅಂಗಡಿಯ ಬೋರ್ಡು, ಜಾಹೀರಾತಿನ ಗೊಂಬೆ, ಗೋಣಿಚೀಲ ಇವನ್ನು ಎರಡು ಅಡಿ ಒಳಗೆ ಎಳೆದುಕೊಳ್ಳಲು ಯಾವ ಆದೇಶವೂ ಬೇಕಾಗಿಲ್ಲ. ಸ್ಕೂಟರನ್ನು ‘ಎರಡೇ ನಿಮಿಷ’ ಅಂತ ಫುಟ್‌ಪಾತಿಗೆ ಹತ್ತಿಸುವವರು ನಾವೇ. ಆ ಎರಡು ನಿಮಿಷದಲ್ಲಿ ಗಾಲಿಕುರ್ಚಿಯೊಂದು ಬಸ್ಸುಗಳ ನಡುವೆ ಇಳಿಯಬೇಕಾಗುತ್ತದೆ.

ಮತ್ತೆ ಆಡಳಿತಕ್ಕೆ. ದಸರಾ ಬಂತೆಂದರೆ ಆನೆಗಳಿಗೆ ಅರಮನೆಯಿಂದ ಬನ್ನಿಮಂಟಪದವರೆಗೆ ದಿನವೂ ತಾಲೀಮು ನಡೆಯುತ್ತದೆ. ಬೆನ್ನ ಮೇಲೆ ಮರಳಿನ ಮೂಟೆ ಹೇರಿ, ಭಾರ ಹೆಚ್ಚಿಸುತ್ತಾ ನಡೆಸುತ್ತಾರೆ. ಆನೆಯ ಕಾಲಿಗೆ ಏನೂ ತಾಗದಂತೆ ನೋಡಿಕೊಳ್ಳುವವರು ಜೊತೆಗಿರುತ್ತಾರೆ. ಆ ಕಾಳಜಿ ನೋಡಿದಾಗಲೆಲ್ಲ ನನಗೆ ಈ ಊರಿನ ಮೇಲೆ ಹೆಮ್ಮೆ ಬರುತ್ತದೆ. ಅಂಥದ್ದೇ ಒಂದು ತಾಲೀಮು ಮನುಷ್ಯರಿಗೂ ಬೇಕು. ಯಾವುದಾದರೂ ಒಂದು ಬೆಳಿಗ್ಗೆ ಎಂಜಿನಿಯರುಗಳು, ಸಂಚಾರ ಪೊಲೀಸರು, ಪರಂಪರೆ ಇಲಾಖೆಯವರು ಎಲ್ಲ ಸೇರಿ, ಒಬ್ಬರು ಗಾಲಿಕುರ್ಚಿಯವರು, ಒಬ್ಬರು ಕಣ್ಣು ಕಾಣದವರು, ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ಒಬ್ಬರು ಎಳೆಗೂಸಿನ ತಾಯಿ, ಇವರ ಜೊತೆ ಪೂರ್ತಿ ದಾರಿ ನಡೆಯಿರಿ. ಅವರು ನಿಂತಲ್ಲೆಲ್ಲ ನಿಲ್ಲಿ. ಯಾಕೆ ನಿಂತರು ಅಂತ ಬರೆದುಕೊಳ್ಳಿ. ಮಾಡಬೇಕಾದ ಕೆಲಸದ ಪಟ್ಟಿ ಅವತ್ತೇ ಸಿದ್ಧವಾಗುತ್ತದೆ. ನಮ್ಮ ಅತ್ತೆ ಬರಲು ಒಪ್ಪಿದ್ದಾರೆ.

ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಕಂಬ ಒಬ್ಬರದು, ಚರಂಡಿ ಮುಚ್ಚಳ ಇನ್ನೊಬ್ಬರದು, ಸಿಗ್ನಲ್ ಮತ್ತೊಬ್ಬರದು ಆದ್ದರಿಂದ, ಪ್ರತಿ ಕೆಲಸದ ಮುಂದೆ ಅದು ಯಾವ ಇಲಾಖೆಯದು, ಯಾವ ತಿಂಗಳಿಗೆ ಮುಗಿಯುತ್ತದೆ, ಮುಗಿಯದಿದ್ದರೆ ಯಾರನ್ನು ಕೇಳಬೇಕು ಅಂತ ಬರೆಯಿರಿ. ಸಿಗ್ನಲ್ ಸಮಯ, ಎದ್ದಿರುವ ಮುಚ್ಚಳಗಳು, ಅಡ್ಡ ನಿಂತ ಬೋರ್ಡುಗಳು ಇವಿಷ್ಟನ್ನು ಬರುವ ದಸರಾಕ್ಕೆ ಮುಂಚೆ ಮುಗಿಸಬಹುದು. ಕಲ್ಲಿನ ಕೆಲಸಕ್ಕೆ ಇನ್ನೊಂದು ವರ್ಷ ತೆಗೆದುಕೊಳ್ಳಿ, ಆದರೆ ಮಾರ್ಕೆಟ್ಟಿನ ಎದುರಿನ ತುಂಡಿನಿಂದಲೇ ಶುರು ಮಾಡಿ.

ಉತ್ತರದ ನಿರೀಕ್ಷೆಯಲ್ಲಿ,
ಮೈಸೂರಿನ ಒಬ್ಬ ನಿವಾಸಿ